ಎಮ್ಮಿ ರೇಟಿನ ಬೇಸ್ ಗಿಟಾರು

ಗೋಕಾಕ ಫಾಲ್ಸ್ ಮುಂದ ನಿಂತು ನಾ ಬೇಸ್ ಗಿಟಾರು ಬಾರಿಸಿದಾಗ ಧುಮುಕೋ ನೀರು ನಡುವ ಒಂದ್ ಗಳಿಗಿ ನಿಂತು ಕೇಳಿ, ಆಮ್ಯಾಲೆ ಕೆಳಗ ಬಿತ್ತು. ಸುಳ್ಳಂತೀರೇನು? ಅವತ್ತು ನನ್ನ ಬಾಜೂ ಇದ್ದ ಡ್ರಮ್ಮಿನವ, ಹಾಡೋ ಹೆಣ್ಮಗಳು, ಆರ್ಕೆಸ್ಟ್ರಾ ಮಾಲಕ, ಮೂವರೂ ತೀರಿಕೊಂಡಾರ. ಆ ನೀರೂ ಎಂದೋ ಹರದು ಸಮುದ್ರ ಸೇರೈತಿ. ಇನ್ನ ಯಾರನ್ನ ಕೇಳ್ತೀರಿ?

ನನ್ನಂಥಾವ್ನ ಬಾಳೇದಾಗ ಇಂಥಾವು ಆಗಿಕೋಂತನ ಇರ್ತಾವ, ನಾ ಏನೂ ಮಾಡಬೇಕಾಗಿಲ್ಲ. ಆದ್ರ ಈ ವರ್ಷ ಆದದ್ದು ಮಾತ್ರ ನನ್ನ ತಲಿಗೆ ಇನ್ನೂ ಹತ್ತಿಲ್ಲ. ಚಲೋ ಸಾಮಾನು ಸೋವಿ ಯಾಕ ಹೋಗತೈತಿ?

ಸಾಮಾನು ಅಂದ್ರ ನನ್ನ ಬೇಸ್ ಗಿಟಾರು. ಗಿಟಾರಿನ ದೊಡ್ಡಣ್ಣ ಅಂತ ತಿಳ್ಕೋರಿ. ಉದ್ದನ್ನ ದಂಡಿ, ನಾಕ ದಪ್ಪ ತಂತಿ, ದನಿ ಕಿವಿಗಿಂತ ಮೊದಲ ಹೊಟ್ಟಿಗೆ ಬಡೀತೈತಿ. ಜಪಾನದಾಗ ಮಾಡಿದ್ದು. ಮಾಲಕ ಮುಂಬೈಯಿಂದ ತಂದಿದ್ದ. ನಲವತ್ತ ವರ್ಷ ನಾನ ಬಾರಿಸೇನಿ. ಆರ್ಕೆಸ್ಟ್ರಾ ಮುರದಾಗ ಒಬ್ಬ ತಬಲಾ ಒಯ್ದ, ಒಬ್ಬ ಮೈಕ್ ಒಯ್ದ. ಇದು ಭಾರ ಅಂತ ಯಾರೂ ಎತ್ತಲಿಲ್ಲ. ನನ್ನ ಮನಿಗೆ ಬಂತು.

ಒಂದ್ ದಿನ ಗೋಕಾಕದ ನಮ್ಮ ಚಾದಂಗಡ್ಯಾಗ ಫಾಲ್ಸಿನ ಕಥಿ ಹೇಳಾಕತ್ತಿದ್ದೆ. ನನ್ನ ಬೀಗ, ಅಂದ್ರ ಮಗಳ ಮಾವ, ನಡುವ ಬಾಯಿ ಹಾಕಿದ.

"ಬೀಗ್ರ, ಆ ಗಿಟಾರಿನ ಮ್ಯಾಲ ನಿಮ್ಮನಿಯವ್ರು ಟಾವೆಲ್ ಒಣಗಿ ಹಾಕ್ತಾರ. ಮಾರಿಬಿಡ್ರಿ."

"ಅದರ ಬೆಲಿ ನಿಮಗೇನ ಗೊತ್ತರಿ? ನಿಮ್ಮ ಎಮ್ಮಿಗಿಂತ ಒಂದ್ ಕೈ ಮ್ಯಾಲ ಐತಿ."

"ಹಂಗಾರ ಆತು. ಎಮ್ಮಿ ರೇಟ್ ಬಂದ್ರ ನೀವು ಹೇಳಿದ್ದೆಲ್ಲಾ ಖರೆ ಅಂತ ಕೈ ಮುಗದು ಕೇಳ್ತೇನಿ. ಬರಲಿಲ್ಲಂದ್ರ ಈ ಅಂಗಡ್ಯಾಗ ಆರ್ಕೆಸ್ಟ್ರಾ ಕಥಿ ಬಂದ್. ಕಾಯಂ ಬಂದ್."

ಮಂದಿ ಎಲ್ಲಾ "ಹೂಂ ಅನ್ರಿ, ಹೂಂ ಅನ್ರಿ" ಅಂದ್ರು. ಅಂದುಬಿಟ್ಟೆ. ಚಾ ಬಿಡಂದ್ರ ಬಿಟ್ಟೇನು, ಊಟಾ ಬಿಡಂದ್ರೂ ಒಂದ್ ದಿನ ನೋಡೇನು. ಕಥಿ ಬಿಟ್ಟು ನಾ ಬದುಕಾವ ಹೆಂಗ?

೧. ಹುಕ್ಕೇರಿ ಸಂತಿ

ಬೇಸ್ ಗಿಟಾರು ಹೊತ್ಕೊಂಡು ಹುಕ್ಕೇರಿ ಬಸ್ ಹತ್ತಿದೆ. ಸಾಕ್ಷಿಗಂತ ಬೀಗನೂ ಬಂದ. ಗಿಟಾರನ್ನ ಕಿಡಕಿ ಬಾಜೂ ಕೂಡಿಸಿದ್ದೆ. ಕಂಡಕ್ಟರ್ ಬಂದಾವ್ನ, "ಅಜ್ಜಾ, ಸೀಟಿನ್ಯಾಗ ಕುಂತಾರಲ್ಲ, ಅವರದೂ ಟಿಕೀಟ್ ತಗೀರಿ" ಅಂದ. ಸಂತಿಗೆ ಹೋಗೂಕಿಂತ ಮೊದಲ ಒಬ್ಬಾವ ಅದಕ್ಕ ಮರ್ಯಾದಿ ಕೊಟ್ಟ ಅಂತ ಖುಷಿ ಆತು.

ಸಂತ್ಯಾಗ ಉಳ್ಳಾಗಡ್ಡಿ ಸಾಲ ಮುಗಿದಲ್ಲಿ ಹಳೇ ರೇಡಿಯೋ, ಫ್ಯಾನು ಮಾರೋ ಚಾಚಾ ಕುಂದರ್ತಾನ. ತಿರುವಿ ತಿರುವಿ ನೋಡಿದ, ತಂತಿ ಮೀಟಿದ.

"ಕಾಕಾ, ಇದು ಮೂಕ ಐತಲ್ರಿ."

"ಕರೆಂಟ್ ಕೊಟ್ರ ಒದರತೈತಿ."

"ತಂತಿ ನಾಕ ಅದಾವ. ನಮ್ಮ ಅಳಿಯಾನ ಗಿಟಾರಿಗೆ ಆರ ಅದಾವ್ರಿ. ಎರಡು ಎಲ್ಲಿ ಹೋದ್ವು?"

"ಇದಕ್ಕ ಇರೋದ ನಾಕ."

"ಮಾರಾಕ ಬಂದವ್ರೆಲ್ಲಾ ಹಂಗ ಅಂತಾರ್ರಿ. ಹ್ವಾದ ಸಂತಿಗೆ ಒಬ್ಬಾವ ಎರಡ ರೆಕ್ಕಿ ಫ್ಯಾನು ತಂದು, ಇದಕ್ಕ ಇರೋದ ಎರಡ ಅಂದ."

ಇಡೀ ಸಾಮಾನಿಗೆ ಒಂದು ಆಡಿನ ರೇಟ್ ಹೇಳಿದ. ನಾ ಸಿಟ್ಟಾದೆ. ಚಾಚಾ ಪಾಪ, ನನ್ನ ಸಮಾಧಾನ ಮಾಡಿದ: "ಸಿಟ್ಟಾಗಬ್ಯಾಡ್ರಿ ಕಾಕಾ. ಮನಿಗೆ ಹೋಗಿ ಆ ಎರಡು ತಂತಿ ಹುಡುಕ್ರಿ. ಸಿಕ್ರ ಆಡಿನ ಜೋಡಿ ಮರೀನೂ ಹಿಡೀರಿ."

೨. ಮೂಡಲಗಿ ಮೆರವಣಿಗಿ

ಸಂತ್ಯಾಗಿನವ್ರಿಗೆ ಏನ್ ತಿಳೀತೈತಿ, ಬಾರಸವ್ರಿಗೆ ಕೊಡಬೇಕು ಅಂತ ಮೂಡಲಗಿಗೆ ಹೋದೆ. ಅಲ್ಲೊಬ್ಬ ಬ್ಯಾಂಡ್ ಮಾಸ್ತರ ಅದಾನ. ಮದಿವಿ ಮೆರವಣಿಗಿ ಇದ್ದಲ್ಲಿ ಅವಂದ ಬ್ಯಾಂಡು. "ಅಜ್ಜಾರ, ಇವತ್ತ ಸಂಜೀಕ ಮೆರವಣಿಗಿ ಐತಿ. ಬಾರಿಸಿ ತೋರಸ್ರಿ, ಮಂದಿ ಕುಣದ್ರ ತಗೋತೇನಿ" ಅಂದ.

ಕೈಗಾಡಿ ಮ್ಯಾಲ ಜನರೇಟರು, ದೊಡ್ಡ ಸ್ಪೀಕರು. ಅದರಿಂದ ಒಂದ್ ವಾಯರು ನನ್ನ ಗಿಟಾರಿಗೆ. ಗಿಟಾರಿನ ಪಟ್ಟಾ ನನ್ನ ಹೆಗಲಿಗೆ. ಅಂದ್ರ ಲೆಕ್ಕಾ ಹಾಕ್ರಿ, ಗಾಡಿ ಎಲ್ಲಿಗೋ ನಾ ಅಲ್ಲಿಗೆ.

ಮೊದಲ ಚಲೋ ನಡೀತು. ಬಜಾರದಾಗ ಬಂದಾಗ ಯಾರೋ ಪಟಾಕಿ ಹಚ್ಚಿದ್ರು, ಮದುಮಗನ ಕುದುರಿ ಬೆದರಿತು. ಕುದುರಿ ಹಿಂದಿನಿಂದ ಬಂತಂತ ಗಾಡಿ ದಬ್ಬಾವ ಗಾಡಿ ಸಮೇತ ಓಟಾ ಕಿತ್ತ. ವಾಯರ್ ಬಿಗೀತು. ನಾನೂ ಓಡಿದೆ. ಎಡಕ್ಕ ಹೊಳ್ಳಿದ್ರ ಎಡಕ್ಕ, ಬಲಕ್ಕ ಹೊಳ್ಳಿದ್ರ ಬಲಕ್ಕ. ಗಟಾರ ಬಂದಲ್ಲಿ ಜಿಗದೆ, ದನಾ ಬಂದಲ್ಲಿ ಬಗ್ಗಿದೆ. ಈ ವಯಸ್ಸಿನ್ಯಾಗ ನಾ ಜಿಗದದ್ದು ನೋಡಿದ್ರ ಕುದುರೀನೂ ನಾಚಬೇಕಿತ್ತು.

ಹೊಳ್ಳಿ ನೋಡ್ತೇನಿ, ಗಂಡಿನ ಕಡಿಯವ್ರು, ಹೆಣ್ಣಿನ ಕಡಿಯವ್ರು, ದಾರ್ಯಾಗಿನವ್ರು ಎಲ್ಲಾ ನನ್ನಂಗ ಜಿಗ್ಯಾಕತ್ತಾರ! ಹೊಸಾ ನಮೂನಿ ಡಾನ್ಸ್ ಬಂದೈತಿ ಅಂತ ತಿಳ್ಕೊಂಡಿದ್ರು.

"ಮಾಸ್ತರ, ಕುಣದ್ರಲ್ಲ, ತಗೋರಿ ಮತ್ತ" ಅಂದೆ.

"ಮಂದಿ ಕುಣದದ್ದು ನಿಮ್ಮನ್ನ ನೋಡಿ. ಗಿಟಾರಿನ ದನಿ ಯಾರ ಕೇಳ್ಯಾರ್ರಿ? ಜನರೇಟರಿನ ವಾಯರು ಆವಾಗನ ಕಿತ್ತು ಹೋಗಿತ್ತು. ಮತ್ತ ಆ ದನೀನ ನಮ್ಮ ಕೀಬೋರ್ಡಿನವ ಎಡಗೈಲೆ ಬಾರಸ್ತಾನ. ಗಿಟಾರು ಬ್ಯಾಡ. ನೀವು ಒಬ್ಬರ ಬರ್ತೀರೇನು?"

೩. ಬದನಿಕಾಯಿ

ಬೇಕಾದವ್ರಿಗೆ ಕಾಣಲಿ ಅಂತ ಮೊಮ್ಮಗಳು ಮೊಬೈಲ್‌ನ್ಯಾಗ ಗಿಟಾರಿನ ಫೋಟೋ ಹಾಕಿದ್ಲು. ಬೆಳಗಾವ್ಯಾಗಿನ ಒಬ್ಬ ಸಾಹೇಬ್ರು ಫೋನ್ ಮಾಡಿದ್ರು. "ಹಳೇ ಜಪಾನದ್ದೇನ್ರಿ? ಐತವಾರ ಬಂದು ನೋಡ್ತೇನಿ, ಹಂಗ ಇಟ್ಟಿರ್ರಿ."

ಹಂಗ ಇಟ್ಟಿರ್ರಿ ಅಂದ್ರ ಯಾರರ ಹಂಗ ಇಡ್ತಾರೇನ್ರಿ? ಕನ್ಯಾ ನೋಡಾಕ ಬರ್ತಾರಂದ್ರ ಮನಿಗೆ ಸುಣ್ಣಾ ಹಚ್ಚಂಗಿಲ್ಲೇನು? ಗಿಟಾರಿನ ಬಣ್ಣಾ ಅಲ್ಲಲ್ಲಿ ಕಿತ್ತು ಕಟಿಗಿ ಕಾಣತಿತ್ತು. ನಮ್ಮ ಗೋಕಾಕದಾಗ ಕಟಿಗಿ ಹಣ್ಣು ಕಾಯಿ ಮಾಡೋ ಕಾರಾಗೀರ ಒಬ್ಬ ನನ್ನ ದೋಸ್ತ. ಅವ ಮಾಡಿದ ಬಾಳಿಹಣ್ಣು ನೋಡಿ ಮಂಗ್ಯಾ ಸಿಪ್ಪಿ ಸುಲ್ಯಾಕ ಹೋಗಿದ್ದನ್ನ ನಾ ಕಣ್ಣಾರೆ ಕಂಡೇನಿ. "ಚಂದಂಗ ಬಣ್ಣಾ ಹಾಕೋ, ಎಮ್ಮಿ ರೇಟ್ ಬರಬೇಕು" ಅಂತ ಕೊಟ್ಟು ಬಂದೆ.

ಶನಿವಾರ ಹೋಗಿ ನೋಡಿದೆ. ಹೊಟ್ಟಿ ಭಾಗ ಮಿಂಚೂ ನೇರಳೆ. ದಂಡಿ ಹಸರು. ಇವೆರಡೂ ಕೂಡೂ ಜಾಗಾದಾಗ ಸುತ್ತಲೂ ಹಸರ ಎಲಿ.

"ಏನೋ ಇದು?"

"ಬದನಿಕಾಯಿ" ಅಂದ. "ಅದರ ಆಕಾರ ನೋಡಿದ ಕೂಡಲೇ ನನಗ ಬ್ಯಾರೆ ಏನೂ ಹೊಳೀಲಿಲ್ಲ. ಮುಳ್ಳೂ ಬರದೇನಿ ನೋಡು."

ಕೆಲಸಾ ಮಾತ್ರ ಚಂದ ಇತ್ತು, ಸುಳ್ಳ ಹೇಳಬಾರದು. ಐತವಾರ ಸಾಹೇಬ್ರು ಕಾರು ತಗೊಂಡು ಬಂದ್ರು. ನೋಡಿ ಕಟ್ಟಿ ಮ್ಯಾಲ ಕುಂತುಬಿಟ್ರು, ನೀರು ಕೇಳಿದ್ರು.

"ಅಜ್ಜಾರ, ಆ ಹಳೇ ಬಣ್ಣಕ್ಕ ಬೆಲಿ ಇತ್ರಿ. ಆ ಗೆರಿಗೆ, ಆ ಕಿತ್ತಿದ್ದಕ್ಕ ಬೆಲಿ ಇತ್ತು."

"ಕಿತ್ತಿದ್ದಕ್ಕ?"

"ಹೌದ್ರಿ. ಮೊದಲ ಇದರ ಕಂಪನಿಗೆ ದೊಡ್ಡ ಹೆಸರಿಲ್ಲ. ಚಲೋ ಮಾಡ್ಯಾರ ಖರೆ, ಆದ್ರ ಮಂದಿ ಹೆಸರ ನೋಡಿ ತಗೋತಾರ. ಬಣ್ಣಾನೂ ಹೋತಂದ್ರ ಏನ್ ಉಳೀತು?"

ಹಳೇದು ಬೇಕು ಅಂತ ಬರ್ತಾರ, ಹೊಸಾದು ಮಾಡಿ ಕೊಟ್ರ ಕೆಡಿಸೀರಿ ಅಂತಾರ. ಹರಕ ಧೋತರಾ ಹೊಲಿಸಿದ್ರ ಬೆಲಿ ಕಡಿಮಿ ಆಗೋ ಅಂಗಡಿ ಯಾವ ಊರಾಗೈತಿ, ನನಗ ಗೊತ್ತಿಲ್ಲ. ಸಾಹೇಬ್ರು ಹೋಗೂಮುಂದ ಬರಿಗೈಲೆ ಹೋಗಲಿಲ್ಲ. ಕಾರಾಗೀರನ ವಿಳಾಸ ಇಸ್ಕೊಂಡು, ಅಲ್ಲಿ ಒಂದ್ ಬುಟ್ಟಿ ಕಟಿಗಿ ಬದನಿಕಾಯಿ ತಗೊಂಡು ಹೋದ್ರು.

೪. ಚಾದಂಗಡಿ

ಬೀಗ ಮಿಠಾಯಿ ಹಂಚೂದೊಂದ ಬಾಕಿ. "ಸೋತೇನಿ ಅನ್ರಿ ಬೀಗ್ರ. ಇವತ್ತಿಂದ ಮಳಿ ಬೆಳಿ ಮಾತಾಡೂಣು" ಅಂದ. ನಾ ಇನ್ನೊಂದ್ ಚಾ ಹೇಳಿದೆ. ಬದನಿಕಾಯಿ ನನ್ನ ಬಾಜೂ ಬೆಂಚಿಗೆ ಆನಿಕೊಂಡು ನಿಂತಿತ್ತು.

ಅಷ್ಟರಾಗ ಅಂಗಡಿ ಮುಂದ ಒಂದ್ ಸ್ಕೂಟಿ ನಿಂತಿತು. ಹುಕ್ಕೇರಿ ಸಾಲ್ಯಾಗ ಹಾಡು ಕಲಸೋ ಅಕ್ಕೋರು. ಮೊಬೈಲ್‌ನ್ಯಾಗಿನ ಫೋಟೋ ನೋಡಿ, ವಿಳಾಸ ಕೇಳ್ಕೊಂಡು ಬಂದಿದ್ರು. ಬದನಿಕಾಯಿ ನೋಡಿ ನಕ್ರು, ಆದ್ರ ಓಡಿಹೋಗಲಿಲ್ಲ. ಚೀಲದಾಗಿಂದ ಪುಟ್ಟ ಸ್ಪೀಕರ್ ತಗದು, ವಾಯರ್ ಹಚ್ಚಿ, ಬಾರಿಸಿದ್ರು.

ಕಪ್ಪು ಬಶಿ ಗಡಗಡ ಅಂದ್ವು. ಒಲಿ ಮ್ಯಾಲಿನ ಹಾಲು ಉಕ್ಕಿತು. ಹೊರಗ ಮಲಗಿದ್ದ ನಾಯಿ ಎದ್ದು ಬಂದು ಕುಂತು ಕೇಳ್ತು. ನನ್ನ ಗಿಟಾರು ಹಿಂಗೂ ದನಿ ಕೊಡತೈತಿ ಅಂತ ನನಗ ಅವತ್ತ ಗೊತ್ತಾತು.

"ಇಷ್ಟ್ ಚಲೋ ಐತಂದ್ರ ಸೋವಿ ಯಾಕ್ರಿ ಅಕ್ಕೋರ?" ಅಂದೆ.

"ಗಿಟಾರು ಬಾರಸವ್ರು ಊರಿಗೆ ಹತ್ತು ಮಂದಿ ಸಿಗ್ತಾರ್ರಿ, ಬೇಸ್ ಬಾರಸವ್ರು ಒಬ್ಬರೂ ಸಿಗಂಗಿಲ್ಲ. ಕೊಳ್ಳಾವ್ರ ಇಲ್ಲಂದ್ಮ್ಯಾಲೆ ಯಾರ ಏರಸ್ತಾರ? ಇದು ಇದ್ದಾಗ ಯಾರಿಗೂ ಕೇಳಸಂಗಿಲ್ಲ, ಇಲ್ಲದಾಗ ಮಾತ್ರ ಏನೋ ಕಮ್ಮಿ ಆತು ಅಂತಾರ."

ಆಮ್ಯಾಲೆ ಒಂದ್ ರೇಟ್ ಹೇಳಿದ್ರು. ನಾ ಬೀಗನ ಮಾರಿ ನೋಡಿದೆ. ಅದು ಎಮ್ಮಿನ ಆಗಿತ್ತು, ಕರುವಿನ ಸಮೇತ.

ಮಂದಿ ಸೀಟಿ ಹೊಡದ್ರು. ಬೀಗ ಮಾತ್ರ ಬಿಡಲಿಲ್ಲ. "ಅಕ್ಕೋರ, ಇದಕ್ಕ ಹೆಸರಿಲ್ಲ, ಬಣ್ಣಾ ಕೆಟ್ಟೈತಿ. ಇಷ್ಟ್ಯಾಕ ಕೊಡ್ತೀರಿ?"

"ಬಣ್ಣಾ ಕೆರದ್ರ ಹೋಗತೈತ್ರಿ ಕಾಕಾ. ದಂಡಿ ಮ್ಯಾಲಿನ ಈ ಲೋಹದ ಪಟ್ಟಿ ನೋಡ್ರಿ. ಬೆರಳ ಒತ್ತಿದಲ್ಲಿ ಸವೀತಾವ, ಹಳೇ ಗಿಟಾರಿನ್ಯಾಗ ಎಲ್ಲಾ ಸವದಿರ್ತಾವ. ಇವು ಹೊಸಾವ ಅದಾವ. ಇಷ್ಟ್ ಜ್ವಾಪಾನ ಮಾಡಿದ್ದು ನಾ ಎಲ್ಲೂ ನೋಡಿಲ್ಲ. ಎರಡ ಜಾಗಾ ಬಿಟ್ರ ಮತ್ತೆಲ್ಲೂ ಬೆರಳ ತಾಗಿಲ್ಲ."

ಮಂದಿ ಎಲ್ಲಾ ನನ್ನ ಕಡೆ ಹೊಳ್ಳಿದ್ರು.

ಬೀಗ ಕಪ್ಪು ಕೆಳಗಿಟ್ಟ. "ಬೀಗ್ರ, ನಲವತ್ತ ವರ್ಷ ಬಾರಿಸೇನಿ ಅಂದಿದ್ರಿ. ಎರಡ ಜಾಗಾದಾಗ?"

"ಒಂದು ಖುಷಿ ಹಾಡಿಗೆ, ಒಂದು ದುಃಖದ ಹಾಡಿಗೆ" ಅಂದೆ. "ನಲವತ್ತ ವರ್ಷದಾಗ ಯಾರೂ ಕಮ್ಮಿ ಬಿತ್ತು ಅನ್ನಲಿಲ್ಲ."

"ಹಂಗಾರ ಫಾಲ್ಸಿನ ನೀರು ನಿಂತು ಕೇಳಿದ್ದು ಇವೆರಡರಾಗ ಯಾವುದ್ರಿ?"

ನಾ ಒಂದ್ ಗುಟುಕ ಚಾ ಕುಡದು ಅಂದೆ:

"ಮೂರನೇದು ಬರತೈತೇನೋ ಅಂತ ನಿಂತಿತ್ತು ಬೀಗ್ರ. ಬರಲಿಲ್ಲ, ಬಿತ್ತು."