ಚನ್ನಗಿರಿಯಲ್ಲಿ ಹಿಮ ಬಿದ್ದದ್ದು

ರೇಣುಕಪ್ರಸಾದನ ಹೊಟ್ಟೆಗೆ ಕಿಚ್ಚು ಹತ್ತಿದ್ದು ಬೆಳಗಿನ ಕಾಫಿ ಹೊತ್ತಿಗೆ, ನಲವತ್ತು ಸೆಕೆಂಡಿನ ಒಂದು ವಿಡಿಯೋದಿಂದ.

ವಿಡಿಯೋದಲ್ಲಿದ್ದವನು ಅವನ ಷಡ್ಡಕ, ಹೊನ್ನಾಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಪ್ರದೀಪ. ಹೆಂಡತಿಯ ಜೊತೆ ಕಾಶ್ಮೀರಕ್ಕೆ ಹೋಗಿದ್ದ ಆಸಾಮಿ ಮೊಣಕಾಲುದ್ದ ಹಿಮದಲ್ಲಿ ನಿಂತು, ಡಬ್ಬಿಯಿಂದ ಅಂಟಿನುಂಡೆ ತೆಗೆದು ಕಚ್ಚಿ, "ಅತ್ತೇ, ಈ ಥಂಡಿಗೆ ನಿಮ್ಮ ಉಂಡೇನೇ ಸ್ವೆಟರ್ರು" ಎಂದಿದ್ದ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಅತ್ತೆ ಶಾಂತಾದೇವಿ ಆಗಲೇ ಎರಡು ಸಾಲು ಹೂವು ಸುರಿದಿದ್ದರು.

ಅವನಿಗೆ ಸಂಕಟವಾದದ್ದು ಹಿಮ ಕಂಡಲ್ಲ, ಡಬ್ಬಿ ಕಂಡು. ಚಳಿ ಶುರುವಾದರೆ ನ್ಯಾಮತಿಯ ಅತ್ತೆ ಮನೆಯಲ್ಲಿ ಅಂಟು ಹುರಿದು, ಕೊಬ್ಬರಿ, ಉತ್ತುತ್ತಿ, ಬೆಲ್ಲ ಹಾಕಿ ಉಂಡೆ ಕಟ್ಟುವುದು ಮೂರು ತಲೆಮಾರಿನ ಪದ್ಧತಿ. ಮೊದಲ ಡಬ್ಬಿ ಹಿರಿಯ ಅಳಿಯನಿಗೆ. ಹನ್ನೆರಡು ವರ್ಷ ಅದು ತಪ್ಪಿರಲಿಲ್ಲ. ಈ ಸಲ ನಿನ್ನೆ ಮೊನ್ನೆ ಬಂದ ಕಿರಿಯ ಅಳಿಯ ಅದನ್ನು ಹೊಡೆದುಕೊಂಡು ವಿಮಾನ ಹತ್ತಿದ್ದ!

ಹೆಂಡತಿ ವಿಜಯಶ್ರೀ ಮನೆಯಲ್ಲಿದ್ದಿದ್ದರೆ ನಾಲ್ಕು ಮಾತು ಬೈದು ಅವನನ್ನು ಸರಿದಾರಿಗೆ ತರುತ್ತಿದ್ದಳು. ಶಾಲೆಯ ಮೇಡಂ ಆದ ಆಕೆ ಮೂರು ದಿನದ ತರಬೇತಿಗೆಂದು ದಾವಣಗೆರೆಗೆ ಹೋಗಿದ್ದಳು. ಹೊಟ್ಟೆಕಿಚ್ಚಿನ ಜೊತೆ ಅವನೊಬ್ಬನೇ ಉಳಿದಿದ್ದ.

ಮನೆಯಲ್ಲಿ ಕೂರಲಾಗದೆ, ಮಂಡಕ್ಕಿಯನ್ನಾದರೂ ತರೋಣವೆಂದು ಗನಿಸಾಬರ ಮಂಡಕ್ಕಿ ಭಟ್ಟಿಗೆ ಹೋದ. ಭಟ್ಟಿಯ ಹಿಂದೆ ಗೋಡೆಗೆ ಒತ್ತಿಕೊಂಡು ಎದೆಮಟ್ಟ ಬಿಳಿ ಗುಡ್ಡೆ ಬಿದ್ದಿತ್ತು. ಬೆಳಗಿನ ಮಂಜು ಬೇರೆ. ರೇಣುಕಪ್ರಸಾದ ನಿಂತಲ್ಲೇ ನಿಂತ.

"ಸಾಬ್ರೆ, ಆ ರಾಶಿಯಾಗೆ ಐದು ನಿಮಿಷ ನಿಂತ್ಕಳ್ಳಾ?"

"ಜನ ಮಂಡಕ್ಕಿ ತಿನ್ನಾಕೆ ಕೇಳ್ತಾರೆ. ನಿಂತ್ಕಳ್ಳಾಕೆ ಕೇಳಿದವ್ರು ನೀವೇ ಮೊದಲು" ಎಂದರು ಗನಿಸಾಬರು. "ಅದು ಜರಡಿ ಹಿಡಿದು ಬಿಟ್ಟಿದ್ದು, ಕೋಳಿಗೆ ಹಾಕಾದು. ಬೇಕಾದ್ರೆ ಮಲಕ್ಕಳ್ರಿ."

ವಿಷಯ ತಿಳಿದ ಮೇಲಂತೂ ಗನಿಸಾಬರಿಗೇ ಹುರುಪು ಬಂತು. ತಮ್ಮ ಸ್ವೆಟರು, ಮಂಕಿ ಟೋಪಿ ತೊಡಿಸಿದರು. ಮೊರದಲ್ಲಿ ಮಂಡಕ್ಕಿ ತುಂಬಿ ಮೇಲಿನಿಂದ ತೂರಿದರು. ಹಿಮ ಬಿತ್ತು. ಅದರ ನಡುವೆ ನಿಂತು ರೇಣುಕಪ್ರಸಾದ ನಡುಗುತ್ತ ಹೇಳಿದ: "ಅತ್ತೇ, ನಿನ್ನೆ ನಾನೂ ಕಾಶ್ಮೀರಕ್ಕೆ ಬಂದೆ. ಇಲ್ಲಿ ಎಲ್ಲಾ ಐತೆ. ನಿಮ್ಮ ಉಂಡೆ ಒಂದಿಲ್ಲ."

ವಿಡಿಯೋ ಗುಂಪಿಗೆ ಹೋಗಿ ಎರಡು ನಿಮಿಷವಾಗಿರಲಿಲ್ಲ, ವಿಜಯಶ್ರೀಯ ಫೋನು ಬಂತು.

"ಮೂರು ದಿನ ನಾನಿಲ್ಲ ಅಂದ್ರೆ ಒಬ್ರೇ ಕಾಶ್ಮೀರಕ್ಕೆ ಹೋಗಿಬಿಟ್ರಾ? ಮದುವೆಯಾದ ಹೊಸದರಾಗೆ ನನ್ನ ಜೋಗಕ್ಕೆ ಕರ್ಕಂಡು ಹೋಗಿದ್ರಿ. ಅಲ್ಲೂ ನೀರಿರಲಿಲ್ಲ!"

ಅವಳೂ ಆ ಗುಂಪಿನಲ್ಲಿದ್ದಾಳೆಂಬುದು ಅವನಿಗೆ ಆಗ ನೆನಪಾಯಿತು. ಅಷ್ಟರಲ್ಲಿ ಅತ್ತೆಯ ವಿಡಿಯೋ ಕಾಲ್ ಬಡಿದುಕೊಂಡಿತು. ಗಾಬರಿಯಲ್ಲಿ ಹೆಂಡತಿಯದನ್ನು ಕತ್ತರಿಸಿ ಅತ್ತೆಯದನ್ನು ಎತ್ತಿದ. ಗನಿಸಾಬರು ಮೊರ ಹಿಡಿದು ಓಡಿ ಬಂದರು.

"ಅಯ್ಯೋ, ಎಷ್ಟೊಂದು ಹಿಮ! ಅಲ್ರಿ ಅಳಿಯಂದ್ರೆ, ಬೆವರ್ತಿದ್ದೀರಲ್ಲ?"

ಪಕ್ಕದಲ್ಲೇ ಭಟ್ಟಿಯ ಒಲೆ ಧಗಧಗ ಉರಿಯುತ್ತಿತ್ತು. "ಹಿಮ ಕರಗಿ ನೀರಾಗೈತೆ ಅತ್ತೆ" ಎಂದ.

ಆ ಹೊತ್ತಿಗೆ ಸರಿಯಾಗಿ ಕೆಂಪು ಕೋಳಿಯೊಂದು ಗುಡ್ಡೆ ಹತ್ತಿ ಕುಟುಕತೊಡಗಿತು.

"ಅಲ್ಲಿ ಕೋಳಿ ಹಿಮ ತಿಂತಾವೇನ್ರಿ?"

"ಪಾಪ, ಬಾಯಾರಿಕೆ ಅತ್ತೆ. ನೀರೆಲ್ಲ ಗಡ್ಡೆ ಕಟ್ಟೈತಲ್ಲ!"

ಶಾಂತಾದೇವಿ ಮರುಗಿದರು. ಆಮೇಲೆ ನಿಟ್ಟುಸಿರಿಟ್ಟು, "ನಾನು ಎಲ್ಲಿದ್ದೀನಿ ನೋಡ್ರಿ" ಎಂದು ಫೋನು ತಿರುಗಿಸಿದರು. ರೇಣುಕಪ್ರಸಾದನಿಗೆ ಕಂಡದ್ದು ಅವನದೇ ಮನೆಯ ಬಾಗಿಲು, ಅವನೇ ಹಾಕಿದ ಬೀಗ. ಕಟ್ಟೆಯ ಮೇಲೆ ಕೊಡದಷ್ಟು ದೊಡ್ಡ ಸ್ಟೀಲ್ ಡಬ್ಬಿ. ಡಬ್ಬಿಗೆ ಆತುಕೊಂಡು ಕೂತ ಪಕ್ಕದ ಮನೆಯ ನಿರ್ಮಲಮ್ಮ.

"ಪ್ರದೀಪಂದು ಅವಸರ ಅಂತ ಹೆಂಗೋ ಕಟ್ಟಿ ಕೊಟ್ಟೆ. ಪಾಕ ಕೈಕೊಟ್ಟಿತ್ತು, ಕಲ್ಲಾಗಿದ್ವು. ಹಿರೇ ಅಳಿಯಂಗೆ ಅಂಥದ್ದು ಕೊಡಾಕೆ ಆಗ್ತದಾ? ಹೊಸ ತುಪ್ಪ ಕಾಯ್ಸಿ ಹದವಾಗಿ ಕಟ್ಟಿ, ಕೈಯಾರೆ ಕೊಡಾಣ ಅಂತ ಮೊದಲ ಬಸ್ಸಿಗೆ ಬಂದೆ. ನೀವು ನೋಡಿದ್ರೆ ಅಲ್ಲಿದ್ದೀರಿ."

ಹಿಮದಲ್ಲಿ ನಿಂತವನಿಗೆ ನಿಜವಾಗಿಯೂ ಚಳಿ ಹತ್ತಿತು. "ಅಲ್ಲೇ ಇಟ್ಟು ಹೋಗ್ರಿ ಅತ್ತೆ, ನಿರ್ಮಲಮ್ಮಾರ ತಾವ!"

"ನಮ್ಮನ್ಯಾಗೆ ಇರುವೆ ಕಾಟ ಕಣ್ರಿ" ಎಂದಿತು ನಿರ್ಮಲಮ್ಮನ ದನಿ. ಬಾಯಿ ಆಗಲೇ ತುಂಬಿತ್ತು.

"ಮಗಳ ಮನೆ ಬಾಗಿಲಿಗೆ ತಂದಿದ್ದು ವಾಪಸ್ ಒಯ್ಯಬಾರದು" ಎಂದರು ಶಾಂತಾದೇವಿ. "ಬೀದಿಯೋರಿಗೆ ಹಂಚಿಬಿಡ್ತೀನಿ. ಬೆಚ್ಚಗಿರ್ರಿ ಅಳಿಯಂದ್ರೆ."

ಟೋಪಿ ಕಿತ್ತೆಸೆದು ರೇಣುಕಪ್ರಸಾದ ಸ್ಕೂಟರ್ ಹತ್ತಿದ. ಅಂಗಿಯಿಂದ ದಾರಿಯುದ್ದಕ್ಕೂ ಮಂಡಕ್ಕಿ ಉದುರಿತು. ಮನೆ ಮುಟ್ಟುವಷ್ಟರಲ್ಲಿ ಅತ್ತೆ ಬಸ್ಸಿಗೆ ಹೋಗಿದ್ದರು, ಬೀದಿಯವರು ಬಾಯಿ ಒರೆಸಿಕೊಂಡು ಒಳಗೆ ಸೇರಿದ್ದರು. ಪುಣ್ಯಕ್ಕೆ ನಿರ್ಮಲಮ್ಮ ಇನ್ನೂ ತಮ್ಮ ಕಟ್ಟೆಯ ಮೇಲಿದ್ದರು, ಮಡಿಲಲ್ಲಿ ಡಬ್ಬಿ ಇತ್ತು. ಅರ್ಧ ಡಬ್ಬಿ ಉಂಡೆಯೂ ಇತ್ತು.

ಅವನ ಜೀವ ಮರಳಿತು. ಮೊದಲು ಹೆಂಡತಿಯನ್ನು ಸಮಾಧಾನ ಮಾಡಿ ಆಮೇಲೆ ಡಬ್ಬಿ ಇಸಿದುಕೊಂಡರಾಯಿತೆಂದು ಅಲ್ಲೇ ನಿಂತು ಫೋನು ಹಚ್ಚಿದ. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ: ಮಂಡಕ್ಕಿ, ಮೊರ, ಕೋಳಿ.

"ಸುಳ್ಳಾದ್ರೂ ಸರಿಯಾಗಿ ಹೇಳ್ರಿ" ಎಂದಳು ವಿಜಯಶ್ರೀ. "ಹಿಮ ಬೀಳಾದು ಕಣ್ಣಾರೆ ನೋಡೀನಿ. ಕಾಶ್ಮೀರದಾಗೆ ಕೂತು ಮನೆಮುಂದೆ ಇದ್ದೀನಿ ಅಂತೀರಾ? ಇರ್ರಿ, ನಿರ್ಮಲಮ್ಮಾರನ್ನೇ ಕೇಳ್ತೀನಿ."

"ಕೇಳು, ಈಗಲೇ ಕೇಳು!" ಎಂದ ರೇಣುಕಪ್ರಸಾದ ಗೆದ್ದವನಂತೆ.

ನಿರ್ಮಲಮ್ಮನ ಫೋನು ಬಡಿಯಿತು. ಆಕೆ ಎದುರಿಗೆ ನಿಂತ ರೇಣುಕಪ್ರಸಾದನನ್ನು ನೋಡಿದರು. ಮಡಿಲಲ್ಲಿದ್ದ ಉಂಡೆಗಳನ್ನು ನೋಡಿದರು. ಇನ್ನೊಮ್ಮೆ ಅವನನ್ನು ನೋಡಿದರು.

"ಇಲ್ಲಮ್ಮ ವಿಜಯಶ್ರೀ" ಎಂದರು ಡಬ್ಬಿಯ ಮುಚ್ಚಳ ಒತ್ತುತ್ತ, "ನಿಮ್ಮನೆಯೋರು ಇಲ್ಲೆಲ್ಲಿ ಬರ್ತಾರೆ? ಬಾಗಿಲಿಗೆ ಬೀಗ ಹಾಕೈತೆ."

ಎದ್ದು ಒಳಗೆ ಹೋಗಿ ಅಗುಳಿ ಹಾಕಿಕೊಂಡರು.