ಮಾವನ ಕಾಲಿನ ಹೆಚ್ಚಿನ ಮೂಳೆ

ನನ್ನ ಸೋದರಮಾವನಷ್ಟು ಸೋಮಾರಿ ಸಿಂಧಘಟ್ಟದಲ್ಲಿ ಇನ್ನೊಬ್ಬನಿಲ್ಲ ಎಂದು ಊರಿಗೆ ಊರೇ ಒಪ್ಪಿತ್ತು. ಚುನಾವಣೆಗೆ ನಾಲ್ಕು ಪಾಲಾಗುವ ಊರು ಇದೊಂದರಲ್ಲಿ ಒಂದಾಗಿತ್ತು! ಕಬ್ಬು ಕಡಿಯಲು ಹೋದರೆ ಅರ್ಧ ಸಾಲಿಗೇ ಬದುವಿನ ಮೇಲೆ ಕೂತು ಬಲಗಾಲು ಹಿಡಿದುಕೊಳ್ಳುತ್ತಿದ್ದ. ಒಳಗೆ ಯಾರೋ ಮೊಳೆ ಹೊಡೆಯುತ್ತಿದ್ದಾರೆ ಎನ್ನುತ್ತಿದ್ದ. ನಗದವರು ಯಾರು? ನಾನೂ ನಕ್ಕಿದ್ದೇನೆ.

ಚಿಕಿತ್ಸೆಗೇನೂ ಕೊರತೆಯಿರಲಿಲ್ಲ. ಎಣ್ಣೆ ನೀವುವವನು ಉಳುಕೆಂದು ಎಳೆದ. ನಮ್ಮ ತಾತ, ಅಂದರೆ ಮಾವನ ಅಪ್ಪ, ಕಾದ ಕುಡುಗೋಲಿನಿಂದ ಬರೆ ಹಾಕಿಸಿದ. ಮಾರನೆಯ ದಿನ ಮಾವ ಇನ್ನಷ್ಟು ಕುಂಟಿದಾಗ, ಈಗಲಾದರೂ ಕುಂಟಲು ಒಂದು ಕಾರಣ ಸಿಕ್ಕಿತಲ್ಲ ಎಂದನಂತೆ ತಾತ. ನಮ್ಮ ಮನೆಯ ತಮಾಷೆ ಅಂಥದ್ದು! ಕೆ.ಆರ್. ಪೇಟೆಯ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, ಮುರಿದಿಲ್ಲ, ಇದು ಮನಸ್ಸಿನ ಕಾಯಿಲೆ ಎಂದು ಕಳಿಸಿದರು.

ತೊಂಬತ್ತರ ದಶಕದ ನಡುವೆ, ಮಾವನಿಗೆ ಐವತ್ತು ದಾಟಿದ ಮೇಲೆ, ಪಾಂಡವಪುರಕ್ಕೆ ಹೊಸದಾಗಿ ಬಂದಿದ್ದ ಮೂಳೆ ಡಾಕ್ಟರ ಬಳಿ ನಾನೇ ಕರೆದೊಯ್ದೆ. ಅವರು ಎರಡೂ ಪಾದ ಜೋಡಿಸಿ ನೋಡಿದರು. ಹಿಮ್ಮಡಿ ಎತ್ತಿ ನಿಲ್ಲಿಸಿದರು. ಪಾದದ ಒಳಮಗ್ಗುಲಿನ ಉಬ್ಬು ಒತ್ತಿದಾಗ ಮಾವ ನೋವಿಗೆ ಎಗರಿದ. ಓರೆಯಾಗಿ ತೆಗೆಸಿದ ಎಕ್ಸ್‌ರೇಯಲ್ಲಿ ಹುಟ್ಟಿನಿಂದಲೇ ಬಂದ ಪುಟ್ಟದೊಂದು ಹೆಚ್ಚಿನ ಮೂಳೆ ಕಂಡಿತು. ನಡೆದಾಗಲೆಲ್ಲ ಸ್ನಾಯು ಅದನ್ನು ಎಳೆಯುತ್ತದಂತೆ. ಇದ್ದವರಿಗೆಲ್ಲ ನೋಯುವುದಿಲ್ಲ, ಒಡಹುಟ್ಟಿದವರಲ್ಲೂ ಇರಬಹುದು ಎಂದರು. ಕೆಲವು ವಾರ ಪ್ಲಾಸ್ಟರು, ಆಮೇಲೆ ಪಾದದ ನಡುವೆ ಎತ್ತರವಿರುವ ಚಪ್ಪಲಿ, ಅದಕ್ಕೂ ಬಗ್ಗದಿದ್ದರೆ ಆಪರೇಷನ್.

ಮಾವ ಆಪರೇಷನ್ನಿಲ್ಲದೆ ಮುಕ್ಕಾಲು ಪಾಲು ಗುಣವಾದ. ಆದರೆ ಎಕ್ಸ್‌ರೇ ಕೈಬಿಡಲಿಲ್ಲ! ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನೋಡ್ಲಾ, ನಿಂಗಿಲ್ದೇ ಇರೋ ಮೂಳೆ ನಂಗೈತೆ" ಎನ್ನುತ್ತಿದ್ದ. ತಾತ ತೀರಿಕೊಂಡು ವರ್ಷಗಳಾಗಿದ್ದವು. ಅವನ ಫೋಟೋದ ಮುಂದೆಯೂ ಹಿಡಿದು ನಿಂತನಂತೆ.

ನಮ್ಮ ಮನೆಗೂ ತಂದ. ಅವ್ವ, ಅಂದರೆ ಅವನ ತಂಗಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮಾವನಿಗೆ ಏನು ಹೊಳೆಯಿತೋ, ಬಗ್ಗಿ ಅವಳ ಪಾದ ಎಳೆದುಕೊಂಡ. ಅದೇ ಜಾಗದಲ್ಲಿ, ಎರಡೂ ಕಾಲಿನಲ್ಲಿ, ಅದೇ ಉಬ್ಬು. ಒತ್ತಿದಾಗ ಅವ್ವ ಸೆರಗು ಕಚ್ಚಿದಳು. ಮೂವತ್ತು ವರ್ಷ ಅವಳು ಒಲೆಯ ಮುಂದೆ, ಗದ್ದೆಯ ಕೆಸರಿನಲ್ಲಿ ನಿಂತದ್ದು ಆ ಕಾಲುಗಳ ಮೇಲೆ.

"ಯಾಕವ್ವ, ಒಂದಿನಾನೂ ಯೋಳ್ನಿಲ್ವಲ್ಲ?" ಎಂದ ಮಾವ.

"ಗಂಡ್ಸು ನೀನು. ನಿನ್ನೇ ಯಾರೂ ನಂಬ್ನಿಲ್ಲ ಕಣಣ್ಣ."

ಮಾವ ಎಕ್ಸ್‌ರೇಯನ್ನು ಪಕ್ಕಕ್ಕಿಟ್ಟು, ತಂಗಿಯ ಪಾದಗಳನ್ನು ತೊಡೆಯ ಮೇಲೆತ್ತಿಕೊಂಡು ಮೆಲ್ಲಗೆ ನೀವತೊಡಗಿದ. ನಾನು ಅಂಗಿ ತೊಟ್ಟು, ಪಾಂಡವಪುರದ ಡಾಕ್ಟರು ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಬರುತ್ತಾರೆಂದು ಫೋನ್ ಮಾಡಿ ಕೇಳಿಬರಲು ಹೊರಟೆ.