ಎಲೆಯ ಪಾಠಕ್ಕೆ ಬಂದ ಕಮೆಂಟುಗಳು

ಹಾರೂನನ ಬಿ.ಎಡ್. ಒಂದು ಎಲೆಯ ಮೇಲೆ ನಿಂತಿತ್ತು. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಪಾಠವನ್ನು ಬ್ಲಾಗಿನಲ್ಲಿ ಹಾಕಬೇಕು, ಓದಿದವರಿಂದ ಸಂಜೆ ಐದರೊಳಗೆ ಹತ್ತು ಪ್ರಶ್ನೆ ಬರಬೇಕು ಎಂದು ಡಿಜಿಟಲ್ ಬೋಧನೆ ಕಲಿಸುವ ಹೊಳೆಪ್ಪ ಸರ್ ಕಟ್ಟಪ್ಪಣೆ ಮಾಡಿದ್ದರು. ಬಾರದಿದ್ದರೆ ಪೇಪರು ಮುಂದಿನ ವರ್ಷಕ್ಕೆ. ಯಮನೂರಿನ ಶಾಲೆಯಲ್ಲಿ ಜೂನಿಗೆ ಸಿಗಲಿದ್ದ ಅತಿಥಿ ಶಿಕ್ಷಕನ ಕೆಲಸ ಬೇರೆಯವರ ಪಾಲು.

ಮುಂಜಾನೆಯೇ ಪಾಠ ಹಾಕಿದ. ಹನ್ನೊಂದಾದರೂ ಒಂದು ನೊಣವೂ ಅತ್ತ ಸುಳಿಯಲಿಲ್ಲ. ಮಗ ಫೋನನ್ನೇ ದಿಟ್ಟಿಸುತ್ತ ಕುಳಿತದ್ದನ್ನು ಕಂಡು ತಾಯಿ ಖಾದರಬಿಗೆ ಕರುಳು ಚುರ್ ಎಂದಿತು. ನೇಯುತ್ತಿದ್ದ ಜಮಖಾನೆಯನ್ನು ಮಗ್ಗದಲ್ಲೇ ಬಿಟ್ಟು ಎದ್ದು, ಮಗನ ಪಾಠಕ್ಕೆ ಪ್ರಶ್ನೆ ಬೇಕಾಗಿರುವುದನ್ನು ಪಕ್ಕದ ಮನೆಯ ಜೈನಬಿಗೆ ಹೇಳಿದಳು. ಜೈನಬಿಗೆ ಹೇಳುವುದೆಂದರೆ ಓಣಿಗೆಲ್ಲ ಡಂಗುರ ಹೊಡೆಸಿದಂತೆ. ಗಳಿಗೆಯಲ್ಲಿ ಮನೆಮನೆಯ ಮೊಬೈಲುಗಳು ಹೊರಬಂದವು.

ಹಾರೂನನ ಫೋನು ಟಿಂಗ್ ಎಂದಿತು. ಅವನು ಹಿಗ್ಗಿನಿಂದ ಪಟ್ಟಿ ನೋಡಿದ.

"ಸಲಾಮ್ ಹಾರೂನ, ಆರಾಮ ಅದೀಯೇನಪಾ? ನಾಷ್ಟಾ ಆತೇನು?" ಎಂದಿದ್ದರು ಎದುರುಮನೆಯ ಖಾಜಾಸಾಬ ಕಾಕಾ.

"ಆರಾಮ? ಅವ್ವನ ಮೊಣಕಾಲ ನೋವು ಕಡಿಮಿ ಆತೇನು?" ಇದು ಜೈನಬಿ.

ಟಿಂಗ್, ಟಿಂಗ್. ಎಲ್ಲವೂ ಅದೇ ರಾಗ. ಅಣ್ಣಿಗೇರಿಯಿಂದ ಜೈನಬಿಯ ತಂಗಿಯೂ ಸೇರಿಕೊಂಡಳು: "ಎಲ್ಲಾರೂ ಆರಾಮ? ನಿನ್ನ ಲಗ್ನದ್ದೇನಾತು?"

ಹಾರೂನ ಎದುರುಮನೆಗೆ ಓಡಿದ.

"ಕಾಕಾ, ಕೈ ಮುಗೀತೇನ್ರಿ. ಎಲಿ ಬಗ್ಗೆ ಕೇಳ್ರಿ, ನನ್ನ ನಾಷ್ಟಾದ ಬಗ್ಗೆ ಬ್ಯಾಡ್ರಿ!"

"ಲೇ, ಒಮ್ಮಿಂದೊಮ್ಮೆಲೆ ಎಲಿ ಸುದ್ದಿ ಹೆಂಗ ತಗಿಯೂದು? ನಾವೇನು ಪೊಲೀಸರೇನು, ಬಾಗಲಾ ಬಡದು ಪ್ರಶ್ನಿ ಕೇಳಾಕ? ಮದಲ ಆರಾಮ ಕೇಳಬೇಕು, ಆಮ್ಯಾಲೆ ಉಳದದ್ದು. ಬಾ, ಚಾ ಕುಡಿ."

ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಒಂಬತ್ತು ಜನ ಅವನ ಯೋಗಕ್ಷೇಮ ವಿಚಾರಿಸಿದ್ದರು. ಸಂಜೆ ಐದಕ್ಕೆ ಐದು ನಿಮಿಷವಿರುವಾಗ ಪಟ್ಟಿಯಲ್ಲಿ ನಲವತ್ತೊಂದು ಕಮೆಂಟುಗಳಿದ್ದವು. ಎಲೆಯ ಹೆಸರು ಎಲ್ಲೂ ಕಾಣಲಿಲ್ಲ. ಅವನ ತಲೆ ಕೆಟ್ಟು ಕೆರ ಹಿಡಿಯಿತು. ಪ್ರಶ್ನೆಯೇ ಇಲ್ಲದಿದ್ದರೆ ನೆಟ್‌ವರ್ಕಿನ ಮೇಲೆ ಹಾಕಿ ಬೇಡಿಕೊಳ್ಳಬಹುದು. ಈ ಮೊಣಕಾಲು, ಲಗ್ನ ಎಲ್ಲ ಸರ್ ಕಣ್ಣಿಗೆ ಬಿದ್ದರೆ ಕಾಲೇಜಿನಲ್ಲಿ ಮುಖ ಎತ್ತುವ ಹಾಗಿಲ್ಲ. ಎಲ್ಲವನ್ನೂ ಒಟ್ಟಿಗೆ ಗುರುತು ಮಾಡಿ ಅಳಿಸಿಬಿಟ್ಟ.

ಐದಕ್ಕೆ ಸರಿಯಾಗಿ ಸರ್ ಫೋನು ಬಂತು.

"ಏನ್ರೀ ಹಾರೂನ, ಏನು ಮಾಡಿದ್ರಿ? ನಾಲ್ಕೂವರಿಗೆ ನೋಡಿ ಅಗದಿ ಖುಷಿ ಆಗಿದ್ದೆ. 'ಮೋಡ ಮುಸುಕಿದ ದಿನ ಎಲಿ ಉಪಾಸ ಇರತೈತೇನು?', 'ಎಲಿ ಇಲ್ಲದ ಕಳ್ಳಿಗೆ ಅಡಿಗಿ ಮಾಡಾವರು ಯಾರು?' ಎಂಥಾ ಪ್ರಶ್ನಿ! ಇಪ್ಪತ್ತಾರು ಎಣಿಸಿದ್ದೆ. ಈಗ ಒಂದೂ ಇಲ್ಲಲ್ಲ!"

"ಬರೇ 'ಆರಾಮ ಅದೀಯೇನು' ಅಂತ ಇದ್ದೂವಲ್ರೀ ಸರ್..."

"ಅದು ಮ್ಯಾಲಿನ ಸಾಲು. ಪಟ್ಟ್ಯಾಗ ಅಷ್ಟೇ ಕಾಣತೈತಿ, ಒತ್ತಿದರ ಉಳದದ್ದು ತೆರೀತೈತಿ. ಕ್ಲಾಸಿನ್ಯಾಗ ಹೇಳಿದ್ನಲ್ರೀ!"

"ವಾಪಸ್ ತರಾಕ ಬರೂದಿಲ್ಲೇನ್ರಿ?"

"ಬರೂದಿಲ್ಲ ಅಂತನೂ ಹೇಳಿದ್ದೆ. ನಾ ಮದಲ ನೋಡಿದ್ದು ಲೆಕ್ಕಕ್ಕಿಲ್ಲ, ಐದಕ್ಕ ಬ್ಲಾಗಿನ್ಯಾಗ ಇದ್ದದ್ದಕ್ಕಷ್ಟೇ ಮಾರ್ಕ್ಸು. ಮುಂದಿನ ವರ್ಷ ಇದೇ ಪಾಠ ಹಾಕ್ರಿ. ಪ್ರಶ್ನಿ ಕೇಳಾಕ ಮಂದಿ ಹೆಂಗೂ ಅದಾರ."

ಹಾರೂನನಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಹೊರಬಂದರೆ ಕಟ್ಟೆಯ ತುಂಬ ಓಣಿಯವರು, ಎಲ್ಲರ ಮೂಗಿನ ತುದಿಯಲ್ಲೂ ಸಿಟ್ಟು.

"ಉತ್ತರಾ ಬರಲಿಲ್ಲಂದ್ರ ಬರಲಿಲ್ಲ ಅನ್ನು. ಕೇಳಿದ್ದನ್ನೇ ಅಳಸೂದೇನು?" ಖಾಜಾಸಾಬ ಕಾಕಾ ಗುಡುಗಿದರು.

ಹಾರೂನ ಸಪ್ಪೆ ಮೋರೆಯಲ್ಲೇ ಕಟ್ಟೆಯ ಮೇಲೆ ಕುಳಿತ. ಕತ್ತಲಾಗುವವರೆಗೆ ಅವರು ಮತ್ತೆ ಕೇಳಿದ ಇಪ್ಪತ್ತಾರು ಪ್ರಶ್ನೆಗಳಿಗೂ ಬಿಡಿಸಿ ಬಿಡಿಸಿ ಉತ್ತರ ಹೇಳಿದ. ಓಣಿಯವರ ಸಿಟ್ಟು ಇಳಿಯಿತು. ಹೇಳುತ್ತ ಹೇಳುತ್ತ ಅವನಿಗೂ ಸ್ವಲ್ಪ ಧೈರ್ಯ ಬಂತು.

"ಮುಂದಿನ ವರ್ಷನೂ ಇದೇ ಪಾಠ ಹಾಕಬೇಕ್ರಿ ಕಾಕಾ. ಆವಾಗೂ ಹಿಂಗ ಪ್ರಶ್ನಿ ಕೇಳ್ರಿ ಮತ್ತ."

ಕಾಕಾ ಅವನ ಬೆನ್ನು ಚಪ್ಪರಿಸಿ ಎದ್ದರು.

"ಇನ್ನ ಏನಂತ ಕೇಳೂದಪಾ? ಎಲ್ಲಾ ತಿಳಿಯೂ ಹಂಗ ಹೇಳಿಬಿಟ್ಟೆಲ್ಲ!"